ಕೋಲಾರದ ಕೆರೆಗಳು ಅರಬ್ಬಿ ಸಮುದ್ರದಲ್ಲಿ ಕಾಣುತ್ತಿವೆ, ಕ್ಯೂಜಿಐಎಸ್ (ನಕ್ಷೆ ತಂತ್ರಾಂಶ) ಗೊತ್ತಿರುವವರು ನೋಡಿ

ಏರಿಮೇಲೆ:
ಎಲ್ಲರಿಗೂ ನಮಸ್ಕಾರ. ಮಾಲೂರು ಮತ್ತು ಕೋಲಾರ ತಾಲ್ಲೂಕಿನ ಕೆರೆಗಳನ್ನೆಲ್ಲ ಒಂದೇ ನಕ್ಷೆಗೆ ತರಬೇಕು ಅಂತ ನಾವು ಕೆಲವರು ಸೇರಿ ಕೆಲಸ ಶುರು ಮಾಡಿದ್ದೇವೆ. ಅಂಗಳ, ಏರಿ, ತೂಬು, ಕೋಡಿ, ಒಂದು ಕೆರೆಯಿಂದ ಮುಂದಿನ ಕೆರೆಗೆ ಹೋಗುವ ರಾಜಕಾಲುವೆ, ಇಷ್ಟೂ ಬೇಕು. ಮಾಲೂರಿನದು ಸರಿಯಾಗಿ ಕೂತಿದೆ. ಕೋಲಾರದ ಶೇಪ್‌ಫೈಲನ್ನು (ಕೆರೆಗಳ ಆಕಾರವಿರುವ ನಕ್ಷೆ ಫೈಲ್) ಗೆಳೆಯರೊಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರು. ತೆರೆದರೆ ಸಿಆರ್‌ಎಸ್ (ಸ್ಥಾನ ಹೇಳುವ ಅಂಕಿಗಳ ಪದ್ಧತಿ) ಯಾವುದು ಅಂತ ಕೇಳಿತು. ಕರ್ನಾಟಕಕ್ಕೆ 32643 ಅನ್ನುವ ಕೋಡ್ ಅಂತ ಎಲ್ಲ ಕಡೆ ಹೇಳುತ್ತಾರಲ್ಲ, ಅದನ್ನೇ ಕೊಟ್ಟೆ. ಈಗ ಕೆರೆಗಳೆಲ್ಲ ಲಕ್ಷದ್ವೀಪದಿಂದ ಸ್ವಲ್ಪ ಮೇಲೆ, ನಡು ಸಮುದ್ರದಲ್ಲಿವೆ!

ಇನ್ನೆರಡು ಪ್ರಶ್ನೆ. ಹಳೇ ಟೋಪೋಶೀಟ್ (ಸರ್ವೆ ಆಫ್ ಇಂಡಿಯಾದ ಮುದ್ರಿತ ನಕ್ಷೆ) ಒಂದನ್ನು ಅದರ ಮೂಲೆಯಲ್ಲಿರುವ ಅಕ್ಷಾಂಶ ರೇಖಾಂಶ ನೋಡಿಯೇ ಕೂರಿಸಿದ್ದೇವೆ, ಆದರೂ ಅದರಲ್ಲಿರುವ ಕೆರೆ ಉಪಗ್ರಹ ಚಿತ್ರದ ಕೆರೆಗಿಂತ ಪಕ್ಕಕ್ಕೆ ಸರಿದಿದೆ. ಆಮೇಲೆ ವಿಸ್ತೀರ್ಣ ಎಕರೆ ಗುಂಟೆಯಲ್ಲಿ ಬೇಕು, ಏಕೆಂದರೆ ಪಹಣಿಯ ಜೊತೆ ಹೋಲಿಸಿ ನೋಡಬೇಕು.

ಪೂರ್ವಪಶ್ಚಿಮ:
ನಿಮ್ಮ ಫೈಲ್ ಕೆಟ್ಟಿಲ್ಲ, ಗಾಬರಿ ಬೇಡ. ನೀವು ಕೆಲಸ ಮಾಡುತ್ತಿರುವ ಜಾಗವೇ ಹಾಗಿದೆ.

ಸ್ಥಾನವನ್ನು ಮೀಟರಿನಲ್ಲಿ ಹೇಳುವ ಯುಟಿಎಂ ಪದ್ಧತಿಯಲ್ಲಿ ಭೂಮಿಯನ್ನು 6 ಡಿಗ್ರಿ ಅಗಲದ 60 ಪಟ್ಟಿಗಳಾಗಿ ಸೀಳುತ್ತಾರೆ. 72ರಿಂದ 78 ಡಿಗ್ರಿ ಪೂರ್ವದವರೆಗೆ 43ನೇ ಪಟ್ಟಿ (ಕೋಡ್ 32643), 78ರಿಂದ 84ರವರೆಗೆ 44ನೇದು (ಕೋಡ್ 32644). ಕರ್ನಾಟಕದ ಬಹುಪಾಲು 43ರಲ್ಲೇ ಬರುತ್ತದೆ, ಅದಕ್ಕೇ ಎಲ್ಲರೂ 32643 ಅನ್ನುವುದು. ಆದರೆ 78ರ ಗೆರೆ ಹಾದುಹೋಗುವುದು ಸರಿಯಾಗಿ ನಿಮ್ಮ ಜಿಲ್ಲೆಯ ಮೇಲೆಯೇ. ಮಾಲೂರು ಪಟ್ಟಣ ಗೆರೆಯ ಪಶ್ಚಿಮಕ್ಕಿದೆ, ಕೋಲಾರ ಪೂರ್ವಕ್ಕೆ.

ಈಗ ಸಮುದ್ರದ ವಿಷಯ. ಪ್ರತಿ ಪಟ್ಟಿಯಲ್ಲೂ ಮೀಟರ್ ಎಣಿಕೆ ಹೊಸದಾಗಿ ಶುರುವಾಗುತ್ತದೆ, ಎರಡು ಬೀದಿಯಲ್ಲೂ 12ನೇ ನಂಬರ್ ಮನೆ ಇದ್ದ ಹಾಗೆ. 44ನೇ ಪಟ್ಟಿಯಲ್ಲಿ ಕೋಲಾರದ ಪೂರ್ವಾಂಕ (ಪೂರ್ವ ಪಶ್ಚಿಮದ ಅಂಕಿ) ಸುಮಾರು 1,89,000 ಮೀಟರ್. ಅದೇ ಅಂಕಿಯನ್ನು 43ನೇ ಪಟ್ಟಿಯದು ಅಂತ ಹೇಳಿದರೆ ಅದು ಪೂರ್ತಿ 6 ಡಿಗ್ರಿ, ಅಂದರೆ ಸುಮಾರು 650 ಕಿಲೋಮೀಟರ್ ಪಶ್ಚಿಮಕ್ಕೆ ಹೋಗುತ್ತದೆ. ಆ ಅಕ್ಷಾಂಶದಲ್ಲಿ ಅಲ್ಲಿರುವುದು ಸಮುದ್ರವೇ.

ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ ಸೆಟ್ ಲೇಯರ್ ಸಿಆರ್‌ಎಸ್‌ನಲ್ಲಿ 32644 ಕೊಡಿ, ಊರಿಗೆ ವಾಪಸ್ ಬರುತ್ತವೆ. ಆಮೇಲೆ ರಿಪ್ರೊಜೆಕ್ಟ್ ಮಾಡಿ ಎಲ್ಲವನ್ನೂ 32643ಕ್ಕೆ ತಂದು ಒಂದೇ ಕಡೆ ಸೇರಿಸಿ. ಈ ಎರಡು ಕೆಲಸ ಬೇರೆ ಬೇರೆ, ದಯವಿಟ್ಟು ಇದೊಂದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಸೆಟ್ ಮಾಡುವುದು ಅಂದರೆ "ಈ ಅಂಕಿಗಳು ಇಂಥ ಪದ್ಧತಿಯವು" ಅಂತ ಹೇಳುವುದು ಅಷ್ಟೇ, ಒಂದು ಅಂಕಿಯೂ ಬದಲಾಗುವುದಿಲ್ಲ. ರಿಪ್ರೊಜೆಕ್ಟ್ ಮಾಡಿದಾಗ ಅಂಕಿಗಳನ್ನೇ ಲೆಕ್ಕ ಹಾಕಿ ಬದಲಾಯಿಸಿ ಹೊಸ ಲೇಯರ್ ಮಾಡುತ್ತದೆ. ಕೋಲಾರ 43ನೇ ಪಟ್ಟಿಯ ಅಂಚಿನಿಂದ ಸ್ವಲ್ಪ ಆಚೆ ಬೀಳುತ್ತದೆ ನಿಜ, ಆದರೆ ಅಲ್ಲಿ ಅಳತೆಯಲ್ಲಿ ಬರುವ ವ್ಯತ್ಯಾಸ ಕಿಲೋಮೀಟರಿಗೆ ಒಂದು ಮೀಟರಿನಷ್ಟು, ನಿಮ್ಮ ಕೆಲಸಕ್ಕೆ ಏನೂ ತೊಂದರೆಯಿಲ್ಲ.

ಸಿಆರ್‌ಎಸ್ ಯಾಕೆ ಕೇಳಿತು ಅಂದರೆ, ಶೇಪ್‌ಫೈಲ್ ಅನ್ನುವುದು ಒಂದು ಫೈಲ್ ಅಲ್ಲ, ಹಲವು. ಎಸ್‌ಎಚ್‌ಪಿಯಲ್ಲಿ ಆಕಾರ, ಡಿಬಿಎಫ್‌ನಲ್ಲಿ ಹೆಸರು ಮತ್ತಿತರ ವಿವರ, ಎಸ್‌ಎಚ್‌ಎಕ್ಸ್‌ನಲ್ಲಿ ಯಾವ ಆಕಾರ ಎಸ್‌ಎಚ್‌ಪಿಯೊಳಗೆ ಎಲ್ಲಿದೆ ಅನ್ನುವ ಸೂಚಿ, ಪಿಆರ್‌ಜೆಯಲ್ಲಿ ಯಾವ ಪದ್ಧತಿ ಅನ್ನುವ ಮಾಹಿತಿ. ಬಿಡಿ ಬಿಡಿಯಾಗಿ ಕಳಿಸಿದಾಗ ಪಿಆರ್‌ಜೆ ಬಿಟ್ಟುಹೋಗಿದೆ ಅನ್ನಿಸುತ್ತದೆ. ಜಿಪ್ ಮಾಡಿ ಕಳಿಸಲು ಹೇಳಿ.

ಹಳೇನಕ್ಷೆ:
ಟೋಪೋಶೀಟ್ ಬಗ್ಗೆ ನಾನು ಹೇಳುತ್ತೇನೆ. ಸರ್ವೆ ಆಫ್ ಇಂಡಿಯಾದ ಹಳೇ ಶೀಟುಗಳು ಎವರೆಸ್ಟ್ ಗೋಳವನ್ನು ಆಧಾರವಾಗಿ ಇಟ್ಟುಕೊಂಡವು. ಜಾರ್ಜ್ ಎವರೆಸ್ಟ್ 1830ರಲ್ಲಿ ಲೆಕ್ಕ ಹಾಕಿದ ಭೂಮಿಯ ಆಕಾರ ಅದು, ಅದರ ಮೂಲಬಿಂದು ಮಧ್ಯಪ್ರದೇಶದ ಕಲಿಯಾನ್‌ಪುರದಲ್ಲಿದೆ. ಜಿಪಿಎಸ್ ಬಳಸುವುದು ಡಬ್ಲ್ಯೂಜಿಎಸ್ 84 ಅನ್ನುವ ಬೇರೆ ಆಧಾರವನ್ನು. ಒಂದೇ ಏರಿಯ ಒಂದೇ ಕಲ್ಲಿಗೆ ಈ ಎರಡರಲ್ಲಿ ಅಕ್ಷಾಂಶ ರೇಖಾಂಶ ಬೇರೆ ಬೇರೆ ಬರುತ್ತವೆ, ನಮ್ಮ ಕಡೆ ವ್ಯತ್ಯಾಸ ಸುಮಾರು 200 ಮೀಟರ್ ಆಸುಪಾಸು. ಹಾಗಾಗಿ ಶೀಟಿನ ಮೂಲೆಯ ಅಂಕಿಗಳನ್ನು ಟೈಪ್ ಮಾಡುವಾಗ ಸಿಆರ್‌ಎಸ್ 4326 (ಡಬ್ಲ್ಯೂಜಿಎಸ್ 84) ಅಲ್ಲ, ಕಲಿಯಾನ್‌ಪುರ 1975, ಅಂದರೆ 4146 ಕೊಟ್ಟು ನೋಡಿ. 2005ರ ನಕ್ಷೆ ನೀತಿಯ ನಂತರ ಬಂದ ಓಪನ್ ಸೀರೀಸ್ ಶೀಟುಗಳಿಗೆ ಇದು ಬೇಡ, ಅವು ಡಬ್ಲ್ಯೂಜಿಎಸ್ 84ರಲ್ಲೇ ಇವೆ.

ಹಾಗೆ ಮಾಡಿದರೂ ಗೆರೆ ಮೇಲೆ ಗೆರೆ ಕೂರುವುದಿಲ್ಲ. ಶೀಟಿನ ಅಳತೆ 1:50,000 ಇದ್ದರೆ ಅದರ ಒಂದು ಮಿಲಿಮೀಟರ್ ನೆಲದ ಮೇಲೆ 50 ಮೀಟರ್. ಪೆನ್ನಿನ ಗೆರೆಯ ದಪ್ಪವೇ ಹತ್ತಿಪ್ಪತ್ತು ಮೀಟರ್ ಆಗಿಬಿಡುತ್ತದೆ. ಸ್ಕ್ರೀನ್ ಮೇಲೆ ಎಷ್ಟು ಜೂಮ್ ಮಾಡಿದರೂ ಆ ನಿಖರತೆ ಜಾಸ್ತಿ ಆಗಲ್ಲ. ಅಂಥ ಶೀಟಿನಿಂದ ಎಳೆದ ಗೆರೆ ತೋರಿಸಿ ಯಾರನ್ನಾದರೂ "ಎರಡು ಗುಂಟೆ ಒತ್ತುವರಿ ಮಾಡಿದ್ದೀರಿ" ಅನ್ನುವುದು ಅನ್ಯಾಯ. ಅದಕ್ಕೆ ಸರ್ವೆ ಇಲಾಖೆಯ ಗ್ರಾಮ ನಕ್ಷೆ, ಟಿಪ್ಪಣಿ (ಸರ್ವೆ ನಂಬರಿನ ಅಳತೆ ದಾಖಲೆ), ಸ್ಥಳದಲ್ಲಿ ಅಳತೆ ಬೇಕು. ದಿಶಾಂಕ್ ಆ್ಯಪ್ ಕೂಡ ನಿಂತ ಜಾಗದ ಸರ್ವೆ ನಂಬರ್ ತಿಳಿಯಲು ತುಂಬಾ ಒಳ್ಳೆಯದು, ಬಾಂದು ಕಲ್ಲು ಎಲ್ಲಿ ನೆಡಬೇಕು ಅಂತ ಹೇಳಲು ಅಲ್ಲ.

ಮಳೆಲೆಕ್ಕ:
ವಿಸ್ತೀರ್ಣಕ್ಕೆ ಫೀಲ್ಡ್ ಕ್ಯಾಲ್ಕುಲೇಟರ್‌ನಲ್ಲಿ $ ಚಿಹ್ನೆ ಇರುವ ಏರಿಯಾ ಬಳಸಿ. ಪ್ರಾಜೆಕ್ಟ್‌ನಲ್ಲಿ ಎಲಿಪ್ಸಾಯ್ಡ್ (ಭೂಮಿಯ ಆಕಾರ) ಡಬ್ಲ್ಯೂಜಿಎಸ್ 84, ಅಳತೆ ಚದರ ಮೀಟರ್ ಇದ್ದರೆ ಸಾಕು, ಪಟ್ಟಿ ಯಾವುದು ಅನ್ನುವ ತಲೆನೋವಿಲ್ಲ. ಬಂದದ್ದನ್ನು 101.17ರಿಂದ ಭಾಗಿಸಿದರೆ ಗುಂಟೆ, 40 ಗುಂಟೆಗೆ ಒಂದು ಎಕರೆ.

ಆದರೆ ಯಾವುದನ್ನು ಅಳೆಯುತ್ತಿದ್ದೀರಿ ಅನ್ನುವುದನ್ನು ಮೊದಲೇ ತೀರ್ಮಾನ ಮಾಡಿ. ಕೆರೆಯ ಗಡಿ ಅನ್ನುವುದು ವೆಕ್ಟರ್, ಬಿಂದುಗಳನ್ನು ಸೇರಿಸಿ ಎಳೆದ ಆಕಾರ. ಉಪಗ್ರಹ ಚಿತ್ರ ರಾಸ್ಟರ್, ಬರೀ ಚೌಕಗಳು. ಸೆಂಟಿನೆಲ್ 2 ಉಪಗ್ರಹದ ಚಿತ್ರದಲ್ಲಿ ಒಂದು ಚೌಕ 10 ಮೀಟರ್ ಉದ್ದ, 10 ಮೀಟರ್ ಅಗಲ, ಹೆಚ್ಚೂಕಡಿಮೆ ಒಂದು ಗುಂಟೆ. ಆ ಚಿತ್ರ ತೋರಿಸುವುದು ಆ ದಿನ ನೀರು ಎಲ್ಲಿತ್ತು ಅನ್ನುವುದನ್ನು ಮಾತ್ರ. ಕೋಲಾರದಲ್ಲಂತೂ ಇದು ಬಹಳ ಮುಖ್ಯ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಇಲ್ಲಿನ ಕೆರೆಗಳಿಗೆ ಹರಿಯಲು ಶುರುವಾಯಿತು, ಅದಕ್ಕಿಂತ ಮುಂಚಿನ ಬೇಸಿಗೆಯ ಚಿತ್ರದಲ್ಲಿ ಒಣ ಅಂಗಳವಾಗಿ ಕಾಣುವ ಕೆರೆ ಈಗಿನದರಲ್ಲಿ ತುಂಬಿರಬಹುದು. ಹಳೇ ಚಿತ್ರ ಒಂದನ್ನೇ ಹಿಡಿದು ಗೆರೆ ಎಳೆದರೆ ಅರ್ಧ ಕೆರೆಯನ್ನು ನಾವೇ ಬಿಟ್ಟುಕೊಟ್ಟ ಹಾಗಾಗುತ್ತದೆ. ನೀರು ಇಲ್ಲದಾಗಲೂ ಅಂಗಳ ಕೆರೆಯದ್ದೇ ಅಲ್ವಾ? ಅದಕ್ಕೇ ನೀರಿನ ಹರವಿಗೆ ಒಂದು ಲೇಯರ್, ಪಹಣಿಯ ಕೆರೆ ಸರ್ವೆ ನಂಬರಿಗೆ ಇನ್ನೊಂದು ಲೇಯರ್ ಮಾಡಿ, ಚಿತ್ರದ ದಿನಾಂಕವನ್ನು ಕಾಲಂನಲ್ಲೇ ಬರೆದಿಡಿ.

ಏರಿಮೇಲೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. 32644 ಕೊಟ್ಟ ತಕ್ಷಣ ಕೋಲಾರದ ಕೆರೆಗಳು ಜಾಗಕ್ಕೆ ಬಂದವು. ಟೋಪೋಶೀಟ್ ಇನ್ನೂ ಮಾಡಿಲ್ಲ. ಒಂದು ಸಣ್ಣ ವಿಷಯ, ಕಾಲಂ ಹೆಸರು "ಕೆರೆಹೆಸರು" ಅಂತ ಕೊಟ್ಟರೆ ಸೇವ್ ಮಾಡುವಾಗ ಅರ್ಧಕ್ಕೇ ತುಂಡಾಗುತ್ತಿದೆ.

ಪೂರ್ವಪಶ್ಚಿಮ:
ಡಿಬಿಎಫ್‌ನಲ್ಲಿ ಕಾಲಂ ಹೆಸರಿಗೆ 10 ಬೈಟ್ ಮಾತ್ರ ಜಾಗ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಅಕ್ಷರ, ಒಂದೊಂದು ಗುಣಿತ ಚಿಹ್ನೆಗೂ 3 ಬೈಟ್ ಬೇಕು. ಶೇಪ್‌ಫೈಲ್ ಬಿಟ್ಟು ಜಿಯೋಪ್ಯಾಕೇಜ್‌ನಲ್ಲಿ ಸೇವ್ ಮಾಡಿ, ಹೆಸರು ಪೂರ್ತಿ ಉಳಿಯುತ್ತದೆ, ಸಿಆರ್‌ಎಸ್ ಕೂಡ ಅದೇ ಫೈಲ್‌ನೊಳಗೆ ಇರುತ್ತದೆ. ಊರಿನ ಹೆಸರಿನ ಪಕ್ಕದಲ್ಲಿ ಗ್ರಾಮದ ಕೋಡ್ ಹಾಕುವುದನ್ನೂ ಈಗಲೇ ಶುರು ಮಾಡಿ. ಒಂದೇ ಹೆಸರಿನ ಹಳ್ಳಿಗಳು ಬೇಕಾದಷ್ಟಿವೆ, ಪಹಣಿ ವಿವರ ಜೋಡಿಸುವಾಗ ಕೋಡ್ ಇಲ್ಲದಿದ್ದರೆ ಒಂದೂರಿನ ಕೆರೆಗೆ ಇನ್ನೊಂದೂರಿನ ಸರ್ವೆ ನಂಬರ್ ಅಂಟಿಕೊಳ್ಳುತ್ತದೆ.