ಅಪ್‌ಡೇಟ್: ಮಳೆಗಾಲದ ಟೀ ಪಾರ್ಟಿಗೆ ಕೈಯಲ್ಲೇ ತಿನ್ನುವ ತಿಂಡಿಗಳು

ತೀರ್ಥಹಳ್ಳಿಯ ನಮ್ಮ ಮನೆಗೆ ಮಧ್ಯಾಹ್ನ 4 ಗಂಟೆಗೆ ನೆಂಟರು ಟೀಗೆ ಬರುತ್ತಾರೆ, ಚಮಚ ಬೇಡದ ಸುಲಭದ ತಿಂಡಿ ಏನು ಮಾಡಲಿ ಅಂತ ಕೇಳಿದ್ದೆ. ಪಾರ್ಟಿ ಮೊನ್ನೆ ಭಾನುವಾರ ಮುಗಿಯಿತು. ಸಲಹೆ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಮೊದಲು ಖಾಲಿಯಾಗಿದ್ದು ಪತ್ರೊಡೆ. ಕೆಸುವಿನ ಎಲೆಗೆ ಹಿಟ್ಟು ಸವರಿ, ಸುತ್ತಿ, ಹಿಂದಿನ ರಾತ್ರಿಯೇ ಹಬೆಯಲ್ಲಿ ಬೇಯಿಸಿಟ್ಟಿದ್ದೆ. ಪೂರ್ತಿ ತಣ್ಣಗಾದ ಮೇಲೆ ಕತ್ತರಿಸಿದರೆ ಬಿಲ್ಲೆ ಬಿಚ್ಚಿಕೊಳ್ಳುವುದಿಲ್ಲ. ಜನ ಬಂದ ಮೇಲೆ ಕಾವಲಿಗೆ ತೆಂಗಿನೆಣ್ಣೆ ಹಾಕಿ ಎರಡೂ ಕಡೆ ಕೆಂಪಗೆ ಕಾಯಿಸಿದೆ, ಅಷ್ಟೇ. ಹಿಟ್ಟಿಗೆ ಹುಣಸೆಹುಳಿ ಮಾತ್ರ ಜಾಸ್ತಿಯೇ ಇರಲಿ, ಇಲ್ಲದಿದ್ದರೆ ಕೆಸುವಿನಿಂದ ಗಂಟಲು ತುರಿಸುತ್ತದೆ. ವಾಟೆಹುಳಿ (ಮಲೆನಾಡಿನ ಒಂದು ಹುಳಿ ಕಾಯಿ) ಸಿಕ್ಕರೆ ಅದೂ ಆಗುತ್ತದೆ.

ಸೌತೆಕಾಯಿ ಸ್ಯಾಂಡ್‌ವಿಚ್ ನೀರು ಬಿಡುತ್ತದೆ ಅಂತ ಒಬ್ಬರು ಎಚ್ಚರಿಸಿದ್ದರು. ಅದಕ್ಕೇ ತೆಳ್ಳಗೆ ಹೆಚ್ಚಿ, ಉಪ್ಪು ಉದುರಿಸಿ, 15 ನಿಮಿಷ ಬಿಟ್ಟು ಹಿಂಡಿದೆ. ಬ್ರೆಡ್ಡಿಗೆ ಅಂಚಿನವರೆಗೂ ಬೆಣ್ಣೆ ಸವರಿದೆ. ಬೆಣ್ಣೆ ಇದ್ದರೆ ನೀರು ಬೇಗ ಒಳಗೆ ಇಳಿಯುವುದಿಲ್ಲ. ನಡುವೆ ಗಟ್ಟಿ ಕೊತ್ತಂಬರಿ ಚಟ್ನಿ. ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆ ಮುಚ್ಚಿಟ್ಟಿದ್ದೆ, ಸಂಜೆವರೆಗೂ ಒಣಗಲಿಲ್ಲ.

ಹಲಸಿನಕಾಯಿ ಚಿಪ್ಸ್ ತಟ್ಟೆಗೆ ಹಾಕಲೇ ಇಲ್ಲ. ಈ ಮಳೆಗೆ ಗಾಳಿ ತಾಗಿದರೆ ಮೆತ್ತಗೆ, ಗೊತ್ತಲ್ವಾ? ಡಬ್ಬಿಯೇ ಕೈಯಿಂದ ಕೈಗೆ ಓಡಾಡಿತು. ಅತ್ತೆಗೆ ಇದು ಸರಿ ಕಾಣಲಿಲ್ಲ, ಆದರೆ ಜಾಸ್ತಿ ತಿಂದವರು ಅವರೇ. ಕೇಕ್ ಸುಮ್ನೆ ಬೇಕರಿಯಿಂದ ತರಿಸಿದೆ. ದೊಡ್ಡವರಿಗೆ ಟೀ ಬದಲು ಕಷಾಯ.

ತೊಡೆದೇವು (ಕಾಗದದಷ್ಟು ತೆಳ್ಳಗಿನ ಗರಿಗರಿ ಸಿಹಿತಿಂಡಿ) ಇಡಿ ಅಂದವರಿಗೆ: ರುಚಿಗೆ ಎರಡು ಮಾತಿಲ್ಲ. ಆದರೆ ಮುರಿದರೆ ಚೂರು ಚೂರು ಉದುರುತ್ತದೆ, ಸೋಫಾದಲ್ಲಿ ಕೂತು ತಿನ್ನುವವರಿಗೆ ಬೇಡ.