ಗೌಡರ ಪಿಕಪ್ಪು ಕಿರುಚಿದ್ದು

ನಮ್ಮ ಗೌಡರ ಪಿಕಪ್ಪು ಊರಿಗೆ ಬರುವ ಮೊದಲೇ ಅದರ ದನಿ ಬರುತ್ತಿತ್ತು. ಕೆರೆ ಏರಿಯ ತಿರುವಿನಲ್ಲಿ 'ಕೀಂಯ್' ಎಂದು ಕೇಳಿಸಿದರೆ ಅವರ ಮನೆಯವರು ಕಾಫಿಗೆ ನೀರಿಡುತ್ತಿದ್ದರು. ಗಾಡಿ ಅಂಗಳಕ್ಕೆ ಬಂದು ನಿಲ್ಲುವ ಹೊತ್ತಿಗೆ ಲೋಟ ಜಗುಲಿಯ ಮೇಲೆ ಇರುತ್ತಿತ್ತು. ಆರು ತಿಂಗಳು ನಡೆದ ಈ ಏರ್ಪಾಡಿನಲ್ಲಿ ಆ ಸದ್ದು ಒಂದು ಕಾಯಿಲೆಯೆಂದು ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಒಂದು ಭಾನುವಾರ, 'ಕೀಂಯ್' ಜೊತೆಗೆ 'ಗರಗರ' ಸೇರಿಕೊಂಡಾಗ. ಮರುದಿನ ಬೆಳಿಗ್ಗೆ ನೂರು ಬಾಕ್ಸ್ ಟೊಮೆಟೊ ಕೋಲಾರದ ಎಪಿಎಂಸಿಯ ಹರಾಜಿಗೆ ಹೋಗಬೇಕಿತ್ತು. ಬಾಕ್ಸಿಗೆ 15 ಕೆ.ಜಿ. ಲೆಕ್ಕದಲ್ಲಿ ಒಂದೂವರೆ ಟನ್ನು. ಅಷ್ಟನ್ನು ಹೊತ್ತ ಗಾಡಿ ದಾರಿಯಲ್ಲಿ ನಿಂತರೆ ಹೋಗುವವರು ಬರುವವರೆಲ್ಲ ಗೊಜ್ಜು ಮಾಡಿಕೊಳ್ಳಬೇಕಾಗುತ್ತದೆ. ಗೌಡರು ಗಾಡಿಯನ್ನು ಅರಳಿಕಟ್ಟೆಯ ಮುಂದೆ ತಂದು ನಿಲ್ಲಿಸಿ ಬಾನೆಟ್ ಎತ್ತಿದರು. ಕಟ್ಟೆಯ ಮೇಲೆ ನಾವು ಮೂವರಿದ್ದೆವು: ಕಾಂಪೌಂಡರು, ಬ್ಯಾಂಕಿನಿಂದ ನಿವೃತ್ತರಾದ ರಾಯರು, ಮತ್ತು ವ್ಯಾಕರಣ ಪಾಠ ಮಾಡಿ ಸವೆದ ನಾನು. ಮೂವರಿಗೂ ಎಂಜಿನ್ನಿನ ವಿಷಯದಲ್ಲಿ ಏನೂ ತಿಳಿಯದು. ಆದ್ದರಿಂದ ಚರ್ಚೆಗೆ ಯಾವ ಅಡ್ಡಿಯೂ ಇರಲಿಲ್ಲ.

"ಬೆಲ್ಟ್ ಒಣಗಿದೆ. ನಾಲ್ಕು ತೊಟ್ಟು ಕೊಬ್ಬರಿ ಎಣ್ಣೆ ಬಿಡಿ, ಸರಿಹೋಗುತ್ತದೆ" ಎಂದರು ಕಾಂಪೌಂಡರು. ಅವರ ಕೈಯಲ್ಲಿ ಯಾವ ರೋಗಕ್ಕೂ ಹೊರಗಿನ ಲೇಪವೇ ಮೊದಲ ಮದ್ದು.

"ಎಣ್ಣೆ ಯಾಕೆ? ಮೂರು ವಾರದಿಂದ ಸಾಬೂನು ತಿಕ್ಕುತ್ತಿದ್ದೇನೆ" ಎಂದು ಗೌಡರು ಗುಟ್ಟು ಬಿಟ್ಟುಕೊಟ್ಟರು. "ತಿಕ್ಕಿದ ದಿನ ಸುಮ್ಮನಿರುತ್ತದೆ, ಮರುದಿನ ಮತ್ತೆ ರಾಗ."

"ಸ್ನಾನದ ಸಾಬೂನೋ, ಬಟ್ಟೆಯದೋ?" ಎಂದು ರಾಯರು ಕೇಳಿದರು. ಖರ್ಚಿನ ಬಾಬತ್ತು ಅವರಿಗೆ ಸ್ಪಷ್ಟವಾಗಬೇಕು.

ಅಷ್ಟರಲ್ಲಿ ಗ್ಯಾರೇಜಿನ ಮೇಸ್ತ್ರಿ ಬಂದ. ಮೊದಲ ಮಾತಾಗಿ, "ರಾಯರೇ, ಶಲ್ಯ ತೆಗೆದು ಕಟ್ಟೆಯ ಮೇಲಿಡಿ. ಬೆಲ್ಟಿಗೆ ಸಿಕ್ಕರೆ ಶಲ್ಯದ ಹಿಂದೆಯೇ ನೀವೂ ಹೋಗುತ್ತೀರಿ" ಎಂದ. ಆಮೇಲೆ ಎಂಜಿನ್ ಚಾಲೂ ಮಾಡಿಸಿ, ದೂರ ನಿಂತು, ಬಾಟಲಿಯಿಂದ ಬೆಲ್ಟಿನ ಮೇಲೆ ಒಂದಿಷ್ಟು ನೀರು ಚಿಮುಕಿಸಿದ. ಬೆಲ್ಟಿನದೇ ಕೂಗಾದರೆ ನೀರು ಬಿದ್ದೊಡನೆ ಅಡಗಬೇಕು ಅಥವಾ ಇನ್ನೂ ಏರಬೇಕಂತೆ. ಇದು ಎರಡನ್ನೂ ಮಾಡಲಿಲ್ಲ, ತನ್ನ ಪಾಡಿಗೆ ಗರಗರ ಎನ್ನುತ್ತಲೇ ಇತ್ತು.

"ಬೇರಿಂಗು" ಎಂದ ಮೇಸ್ತ್ರಿ.

ಕಾಂಪೌಂಡರು ಬಿಡುತ್ತಾರೆಯೇ? ಚೀಲದಿಂದ ಸ್ಟೆತಾಸ್ಕೋಪು ತೆಗೆದು ಬಾನೆಟ್ಟಿನ ಅಂಚಿಗೆ ಒತ್ತಿದರು. ಇಡೀ ಎಂಜಿನ್ನು ಒಟ್ಟಿಗೆ ಕಿವಿಗೆ ನುಗ್ಗಿ, ಬೆಚ್ಚಿ ಹಿಂದೆ ಸರಿದರು. ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಒಂದೊಂದೇ ಬೋಲ್ಟಿನ ತಲೆಗೆ ತಾಗಿಸಿ, ಹಿಡಿಯನ್ನು ನನ್ನ ಕಿವಿಗೆ ಕೊಟ್ಟ. ಡೈನಮೋದಲ್ಲಿ ಜೇನುಹುಳುವಿನ ಗುಂಯ್‌ಗುಟ್ಟುವಿಕೆ. ಐಡ್ಲರ್ ಪುಲ್ಲಿಯಲ್ಲಿ ಮಾತ್ರ ನಮ್ಮಜ್ಜಿ ರಾಗಿ ಬೀಸುತ್ತಿದ್ದರು. ಒಂದು ಪದ ಹಾಡುವುದೊಂದೇ ಬಾಕಿ.

ಈ ಐಡ್ಲರ್ ಎಂಬುದು ನನ್ನಂಥವನೇ. ಯಾವುದನ್ನೂ ತಿರುಗಿಸುವುದಿಲ್ಲ. ಬೆಲ್ಟು ದಾರಿ ತಪ್ಪದ ಹಾಗೆ ಬೆನ್ನಿಗೆ ಒತ್ತಿಕೊಂಡು ತಾನೂ ತಿರುಗುತ್ತಿರುತ್ತದೆ. ಹಾಗೆಂದು ಅದನ್ನು ಹಗುರವಾಗಿ ಕಾಣುವಂತಿಲ್ಲ. ಗೌಡರ ಗಾಡಿಯಲ್ಲಿ ಡೈನಮೋ, ನೀರಿನ ಪಂಪು, ಪವರ್ ಸ್ಟೀರಿಂಗಿನ ಪಂಪು ಮೂರೂ ಅದೊಂದೇ ಬೆಲ್ಟಿನ ಸಂಸಾರ. ಪುಲ್ಲಿ ಬಿಗಿದು ಬೆಲ್ಟು ಹರಿದರೆ ಬ್ಯಾಟರಿಯ ಕೆಂಪು ದೀಪ ಹತ್ತುತ್ತದೆ, ಸ್ಟೀರಿಂಗು ಒನಕೆಯಷ್ಟು ಭಾರವಾಗುತ್ತದೆ, ಎಂಜಿನ್ನು ಕುದಿಯತೊಡಗುತ್ತದೆ. ಇದನ್ನು ಕೇಳಿ ಗೌಡರು ಟೊಮೆಟೊ ಬಣ್ಣಕ್ಕೆ ತಿರುಗಿದರು.

ಎಂಜಿನ್ ಆರಿಸಿ, ಬ್ಯಾಟರಿಯ ಮೈನಸ್ ತಂತಿ ಕಳಚಿದ ಮೇಸ್ತ್ರಿ, "ಬೆಲ್ಟ್ ಯಾವ ಪುಲ್ಲಿಯ ಮೇಲೆ, ಯಾವುದರ ಕೆಳಗೆ ಹೋಗಿದೆ ಎಂದು ಒಂದು ಚಿತ್ರ ಬರೆಯಿರಿ, ಮೇಷ್ಟ್ರೇ" ಎಂದ. ಮದುವೆಯ ಕರೆಯೋಲೆಯೊಂದರ ಹಿಂಬದಿಯಲ್ಲಿ ಶ್ರದ್ಧೆಯಿಂದ ಬರೆದೆ. ರಾಯರು ಅದನ್ನು ನೋಡಿ, "ರಂಗೋಲಿ ಚೆನ್ನಾಗಿದೆ" ಎಂದು ಅದರ ಮೇಲೆ ಟೀ ಲೋಟ ಇಟ್ಟರು.

ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರನ್ನು ಉದ್ದನೆಯ ಸ್ಪ್ಯಾನರಿನಿಂದ ಹಿಂದಕ್ಕೆ ಎಳೆದು ಬೆಲ್ಟು ಸಡಿಲಿಸಿದ್ದಾಯಿತು. ಬಿಡಿ ಪುಲ್ಲಿಯನ್ನು ಬೆರಳಿನಿಂದ ತಿರುಗಿಸಿದರೆ ಬುಗುರಿಯ ಹಾಗೆ ಗಲಗಲ ಎಂದು ತಿರುಗಿತು. ನಾನು ಮೆಚ್ಚಿಕೊಂಡೆ. "ಅದೇ ರೋಗ" ಎಂದ ಮೇಸ್ತ್ರಿ. ಒಳಗೆ ಗ್ರೀಸ್ ಇದ್ದರೆ ಇಷ್ಟು ಹಗುರವಾಗಿ ತಿರುಗದೆ, ಒಂದೆರಡು ಸುತ್ತಿಗೆ ಮೆತ್ತಗೆ ನಿಲ್ಲಬೇಕಂತೆ.

ಗೌಡರಿಗೆ ಉಳಿತಾಯದ ದಾರಿ ಕಂಡಿತು. "ಪುಲ್ಲಿ ಇರಲಿ, ಬೇರಿಂಗ್ ಮಾತ್ರ ಹಾಕು." ಬೇರಿಂಗಿನ ಮೇಲೆ 6203 ಎಂದಿತ್ತು. ಮೇಸ್ತ್ರಿ ಬಿಡಿಸಿ ಹೇಳಿದ: ಒಳ ರಂಧ್ರ 17 ಮಿ.ಮೀ., ಹೊರ ಸುತ್ತು 40, ದಪ್ಪ 12. ಕೊನೆಯ ಎರಡು ಅಂಕಿಯೇ ರಂಧ್ರದ ಗುರುತು. 04 ಇದ್ದರೆ ಐದರಿಂದ ಗುಣಿಸಿ 20, 05 ಇದ್ದರೆ 25.

ರಾಯರು ಎದ್ದು ನಿಂತರು. "ಹಾಗಾದರೆ 03ಕ್ಕೆ 15 ಆಗಬೇಕು. 17 ಹೇಗೆ ಬಂತು?"

"ನಾಲ್ಕರ ಕೆಳಗೆ ಆ ಲೆಕ್ಕ ಇಲ್ಲ ಸ್ವಾಮಿ. 00 ಎಂದರೆ 10, 01 ಎಂದರೆ 12, 02 ಎಂದರೆ 15, 03 ಎಂದರೆ 17."

"ಎರಡು ಮಿಲಿಮೀಟರ್ ವ್ಯತ್ಯಾಸ! ಇದಕ್ಕೆ ಯಾರು ಸಹಿ ಹಾಕಿದರು?" ಮೂವತ್ತು ವರ್ಷ ಎರಡು ರೂಪಾಯಿಯ ವ್ಯತ್ಯಾಸಕ್ಕೆ ರಾತ್ರಿ ಎಂಟರವರೆಗೆ ಕೂತು ಲೆಡ್ಜರು ತಿರುವಿದವರು ಅವರು. ಅವರನ್ನು ಕೂರಿಸಲು ಇನ್ನೊಂದು ಟೀ ತರಿಸಬೇಕಾಯಿತು.

ಕೊನೆಗೆ ಆ ಅಂಕಿಯೇ ಬೇಕಾಗಲಿಲ್ಲ. ಪುಲ್ಲಿಯ ಮೈಯೂ ಸವೆದು ಅಂಚಿನಲ್ಲಿ ಗೀರು ಬಿದ್ದಿತ್ತು. "ಹರಿದ ಚಪ್ಪಲಿಗೆ ಹೊಸ ಉಂಗುಷ್ಠ ಹಾಕಿಸಿ ಏನು ಮಾಡುತ್ತೀರಿ, ಗೌಡರೇ?" ಎಂದ ಮೇಸ್ತ್ರಿ. ಬೆಲ್ಟೂ ಹೋಗಿತ್ತು. ಅದರ ಆರು ಹಲ್ಲಿನ ಸಾಲುಗಳ ನಡುವೆ ಸಾಬೂನು ಗಟ್ಟಿಕಟ್ಟಿ, ರಬ್ಬರು ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ರಾಯರು ಹೊಸ ಬೆಲ್ಟಿನ ದುಡ್ಡನ್ನು ಸಾಬೂನಿನ ಬಾಬತ್ತಿಗೆ ಬರೆಯಲು ಸೂಚಿಸಿದರು.

ಹೊಸದನ್ನು ತೊಡಿಸುವಾಗ ನನ್ನ ಚಿತ್ರಕ್ಕೆ ಕರೆ ಬಂತು. ಟೀ ಲೋಟದ ಉಂಗುರ ಹೊಸದೊಂದು ಪುಲ್ಲಿಯಾಗಿ ಅದರಲ್ಲಿ ಸೇರಿಕೊಂಡಿತ್ತು. ಅದು ಯಾವ ಪಂಪು ಎಂದು ನಾವು ಹತ್ತು ನಿಮಿಷ ಹುಡುಕಿದೆವು. ಮೇಸ್ತ್ರಿ ನಕ್ಕು ತನ್ನ ಮೊಬೈಲಿನಲ್ಲಿ ಮೊದಲೇ ತೆಗೆದಿಟ್ಟಿದ್ದ ಫೋಟೊ ತೋರಿಸಿದ. "ಮತ್ತೆ ನನ್ನಿಂದ ಯಾಕೆ ಬರೆಸಿದೆ?" ಎಂದೆ. "ನೀವು ಅತ್ತ ಬರೆಯುತ್ತಿದ್ದರೆ ಇತ್ತ ಕೈ ಹಾಕುವುದಿಲ್ಲವಲ್ಲ" ಎಂದ.

ಬೆಲ್ಟಿನ ಹಲ್ಲು ಹಲ್ಲಿನ ಪುಲ್ಲಿಗೆ, ಬೆನ್ನು ನುಣುಪು ಪುಲ್ಲಿಗೆ ಕೂತವು. ಹಳೆಯ ಪುಲ್ಲಿಯನ್ನು ಪತ್ರಿಕೆಯಲ್ಲಿ ಸುತ್ತಿ ಗೌಡರ ಕೈಗೆ ಕೊಟ್ಟದ್ದಾಯಿತು. ಬ್ಯಾಟರಿಯ ತಂತಿ ಸಿಕ್ಕಿಸಿ ಕೀಲಿ ತಿರುಗಿಸಿದರೆ ಎಂಜಿನ್ನು ಹೊಸ ಅಳಿಯನಂತೆ ತಗ್ಗಿದ ದನಿಯಲ್ಲಿ ಗುನುಗಿತು.

ಗೆದ್ದ ಖುಷಿಯಲ್ಲಿ ಎಲ್ಲರೂ ಗೌಡರ ಮನೆಗೆ ಹೊರಟೆವು. ಗಾಡಿ ಕೆರೆ ಏರಿ ಇಳಿದು ಅಂಗಳದಲ್ಲಿ ನಿಂತಿತು. ಜಗುಲಿಯ ಮೇಲೆ ಲೋಟವಿರಲಿಲ್ಲ. ಐದು ನಿಮಿಷ ಕೂತ ಮೇಲೆ ಗೌಡರ ಮನೆಯವರು ಮೊರ ಹಿಡಿದು ಹೊರಗೆ ಬಂದವರು ಬೆಚ್ಚಿಬಿದ್ದರು. "ಯಾವಾಗ ಬಂದಿರಿ? ಸದ್ದಿಲ್ಲ, ಗದ್ದಲವಿಲ್ಲ. ಹಾಲಿಗೆ ಈಗಷ್ಟೇ ಹೆಪ್ಪು ಹಾಕಿದೆ."

ಗೌಡರು ನಮ್ಮ ಮುಖ ನೋಡಿದರು. ಕಾಂಪೌಂಡರು ದನಿ ತಗ್ಗಿಸಿ ಕೇಳಿದರು: "ಆ ಹಳೆಯ ಪುಲ್ಲಿ ಎಲ್ಲಿಟ್ಟಿರಿ?"