ಅಂಡರ್-17 ತಂಡದ ಕನಸಿಗೆ ಮಗನ ಹುಟ್ಟಿದ ದಿನಾಂಕ ನಾಲ್ಕು ದಿನ ಮುಂದೆ ಹಾಕಿಸಬೇಕಾ?

ಕೋಡಿಬಾಗದ ತಾಯಿ:

ಎಲ್ಲರಿಗೂ ನಮಸ್ಕಾರ. ನಾವು ಕಾರವಾರದ ಕೋಡಿಬಾಗದವರು. ಮನೆಯವರು ಬೈತಖೋಲ ಬಂದರಿನಿಂದ ಹೋಗುವ ಬೋಟಿನಲ್ಲಿ ಕೆಲಸ ಮಾಡುತ್ತಾರೆ. ಮಗ ಎಂಟನೇ ಕ್ಲಾಸು. ಹುಟ್ಟಿದ್ದು 2011ರ ಡಿಸೆಂಬರ್ 28.

ಅವನಿಗೆ ಫುಟ್‌ಬಾಲ್ ಅಂದರೆ ಊಟ ನಿದ್ದೆ ಬೇಡ. ನೀರು ಇಳಿದು ಮರಳು ಗಟ್ಟಿಯಾಗಿದ್ದರೆ ಸಂಜೆ ಟಾಗೋರ್ ಕಡಲತೀರ, ಇಲ್ಲದಿದ್ದರೆ ಮಾಲಾದೇವಿ ಮೈದಾನ. ಶಾಲೆಯ ತಂಡದಲ್ಲಿ ಎಡಗಡೆ ವಿಂಗ್‌ನಲ್ಲಿ ಆಡುತ್ತಾನೆ. ಓಟ ಚೆನ್ನಾಗಿದೆ, ಆದರೆ ಮೈ ಸಣ್ಣದು. ಈ ಸಲದ ಆಯ್ಕೆಯಲ್ಲಿ ಅವನ ವರ್ಷದಲ್ಲೇ ಹುಟ್ಟಿದ, ಮೀಸೆ ಬಂದ ಹುಡುಗರ ಎದುರು ನಿಲ್ಲಲಿಕ್ಕೇ ಆಗಲಿಲ್ಲ. ಬಿಟ್ಟುಬಿಟ್ಟರು. ಅವತ್ತು ರಾತ್ರಿ ಅವನು ಅತ್ತಿದ್ದನ್ನು ನೋಡಿ ನನಗೂ ತಡೆಯಲಾಗಲಿಲ್ಲ.

ಆಟದ ಜನರ ಜೊತೆ ಓಡಾಡುವ ಒಬ್ಬರು ಮನೆಗೆ ಬಂದು ಒಂದು ಮಾತು ಹೇಳಿ ಹೋದರು. "2012ರ ಜನವರಿ 1 ಅಂತ ಮಾಡಿಸಿಬಿಡಿ. ಬರೀ ನಾಲ್ಕು ದಿನ. ಮುಂದಿನ ಬ್ಯಾಚಿಗೆ ಬೀಳುತ್ತಾನೆ, ಅಲ್ಲಿ ಇವನೇ ದೊಡ್ಡವನು. ಅಂಡರ್-17 ವಿಶ್ವಕಪ್ ತಂಡಕ್ಕೆ ಹೋಗುವ ದಾರಿ ಇದೇ, ಎಲ್ಲರೂ ಮಾಡ್ತಾರೆ" ಅಂದರು. ಮನೆಯವರಿಗೂ ನಾಲ್ಕು ದಿನ ಏನು ದೊಡ್ಡ ಮಾತು ಅನ್ನಿಸಿದೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಆದರೆ ಸರಿಯಾಗಿ ವಿವರಿಸಿ ಹೇಳಲಿಕ್ಕೆ ಗೊತ್ತಾಗುತ್ತಿಲ್ಲ. ಸ್ಕ್ಯಾನ್ ಮಾಡಿ ವಯಸ್ಸು ಕಂಡುಹಿಡಿಯುತ್ತಾರಂತೆ, ಹೌದಾ? ಗೊತ್ತಿದ್ದವರು ಹೇಳಿ.

ಶಿರಸಿ ಗೋಲ್‌ಕೀಪರ್:

ಅಕ್ಕಾ, ಕೈ ಹಾಕಬೇಡಿ. ಹುಡುಗನ ದಿನಾಂಕ ಒಂದೇ ಕಡೆ ಇರುವುದಿಲ್ಲ. ಜನನ ಪ್ರಮಾಣಪತ್ರ, ಶಾಲೆಯ ದಾಖಲಾತಿ ಪುಸ್ತಕ, ಆಧಾರ್, ನಾಳೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ದೇಶದ ತಂಡಕ್ಕೆ ಹೋದರೆ ಪಾಸ್‌ಪೋರ್ಟ್. ಒಂದರಲ್ಲಿ ತಿದ್ದಿದರೆ ಎಲ್ಲದರಲ್ಲೂ ತಿದ್ದಬೇಕು. ನೋಂದಣಿ ಕಾಯ್ದೆಯಲ್ಲಿ ತಿದ್ದುಪಡಿಗೆ ಅವಕಾಶ ಇರುವುದು ನಿಜವಾಗಿ ತಪ್ಪಾಗಿ ಬರೆದಿದ್ದರೆ ಮಾತ್ರ. ಸುಳ್ಳು ಮಾಹಿತಿ ಕೊಟ್ಟರೆ ಅದು ಅಪರಾಧ. ನಿಮ್ಮ ಮಗ ಆಸ್ಪತ್ರೆಯಲ್ಲಿ ಹುಟ್ಟಿದ್ದರೆ ಅಲ್ಲಿಯ ದಾಖಲೆಯೂ ಇರುತ್ತದೆ. ದಿನಾಂಕ ಹೊಂದದೆ ಪಾಸ್‌ಪೋರ್ಟ್ ನಿಂತುಹೋದರೆ ವಿಶ್ವಕಪ್ ಹಾಗಿರಲಿ, ಹೊರದೇಶದ ಒಂದು ಪಂದ್ಯಕ್ಕೂ ಹೋಗಲು ಆಗುವುದಿಲ್ಲ.

ಸ್ಕ್ಯಾನಿಂಗ್ ರೂಮಿನವಳು:

ಊರು ಕುಮಟಾ, ಕೆಲಸ ಮಂಗಳೂರಿನಲ್ಲಿ, ಎಂಆರ್‌ಐ ವಿಭಾಗ. ಸ್ಕ್ಯಾನ್ ವಿಷಯ ನಾನು ಹೇಳುತ್ತೇನೆ.

ಮುಂಗೈಯಲ್ಲಿ ಹೆಬ್ಬೆರಳಿನ ಕಡೆಗಿರುವ ಮೂಳೆಯ ತುದಿಯಲ್ಲಿ, ಮಣಿಕಟ್ಟಿನ ಹತ್ತಿರ, ಒಂದು ಮೃದು ಪದರ ಇರುತ್ತದೆ. ಮೂಳೆ ಉದ್ದ ಆಗುವುದು ಅಲ್ಲಿಂದ. ಬೆಳವಣಿಗೆ ಮುಗಿಯುತ್ತ ಬಂದ ಹಾಗೆ ಆ ಪದರ ಗಟ್ಟಿಯಾಗಿ ಮೂಳೆಗೆ ಕೂಡಿಕೊಳ್ಳುತ್ತದೆ. ಇದನ್ನು ಆರು ಹಂತಗಳಾಗಿ ನೋಡುತ್ತಾರೆ. ಆರನೆಯದು ಅಂದರೆ ಪೂರ್ತಿ ಕೂಡಿದೆ. 16 ವರ್ಷದ ಹುಡುಗರಲ್ಲಿ ಪೂರ್ತಿ ಕೂಡಿರುವುದು ತೀರಾ ಅಪರೂಪ. ಹಾಗಾಗಿ ಆರನೇ ಹಂತ ಕಂಡರೆ ಆ ಹುಡುಗನಿಗೆ 17 ದಾಟಿದೆ ಅಂತ ಲೆಕ್ಕ. ಫಿಫಾ 2009ರಲ್ಲಿ ನೈಜೀರಿಯಾದಲ್ಲಿ ನಡೆದ ಅಂಡರ್-17 ವಿಶ್ವಕಪ್‌ನಿಂದ ಇದನ್ನು ಬಳಸುತ್ತಿದೆ. ಎಕ್ಸ್‌ರೇ ಬೇಡ ಅಂದಿದ್ದು ಮಕ್ಕಳಿಗೆ ಸುಮ್ನೆ ವಿಕಿರಣ ತಾಗಿಸಬಾರದು ಅಂತ. ಎಂಆರ್‌ಐನಲ್ಲಿ ಆ ಚಿಂತೆ ಇಲ್ಲ. ಹುಡುಗಿಯರ ಮೂಳೆ ಬೇಗ ಕೂಡುವುದರಿಂದ ಅವರಿಗೆ ಈ ಅಳತೆ ಹೊಂದುವುದಿಲ್ಲ.

ಇನ್ನೊಂದನ್ನೂ ಹೇಳಲೇಬೇಕು. ಈ ಸ್ಕ್ಯಾನ್ ನಾಲ್ಕು ದಿನ ಅಲ್ಲ, ನಾಲ್ಕು ತಿಂಗಳ ವ್ಯತ್ಯಾಸವನ್ನೂ ಹಿಡಿಯಲಾರದು. ಎರಡು ಮೂರು ವರ್ಷ ಕಡಿಮೆ ಹೇಳಿದವರನ್ನು ಹಿಡಿಯಲಿಕ್ಕೆ ಇರುವುದು ಇದು. ಆದ್ದರಿಂದ "ಸ್ಕ್ಯಾನ್‌ನಲ್ಲಿ ಸಿಕ್ಕಿಬೀಳುತ್ತಾನೆ" ಅಂತ ಮನೆಯವರಿಗೆ ಹೆದರಿಸಿ ಒಪ್ಪಿಸಬೇಡಿ. ಬೇರೆ ಕಾರಣ ಬೇಕು.

ಸದಾಶಿವಗಡದ ಪೀಟಿ ಮಾಸ್ತರು:

ತಂಗೀ, ನಾನು ನಿವೃತ್ತ ದೈಹಿಕ ಶಿಕ್ಷಕ. ಕಾಳಿ ನದಿಯ ಈಚೆ ದಡದವನು. ನಿಮ್ಮ ಪ್ರಶ್ನೆ ಓದಿ ಸುಮ್ಮನೆ ಇರಲು ಆಗಲಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಸ್ಕ್ಯಾನಿಂಗ್ ತಂಗಿ ಹೇಳಿದ್ದು ಸರಿ, ನಾಲ್ಕು ದಿನವನ್ನು ಯಾವ ಯಂತ್ರವೂ ಹಿಡಿಯುವುದಿಲ್ಲ. ಆದರೆ ನಿಮ್ಮ ಮನೆಗೆ ಬಂದವರು ಕೇಳಿದ್ದು ನಾಲ್ಕು ದಿನವನ್ನಲ್ಲ, ಒಂದಿಡೀ ವರ್ಷವನ್ನು. ಅಂತರರಾಷ್ಟ್ರೀಯ ಕಿರಿಯರ ಫುಟ್‌ಬಾಲ್‌ನಲ್ಲಿ ಗೆರೆ ಎಳೆಯುವುದು ಜನವರಿ 1ಕ್ಕೆ. 2017ರಲ್ಲಿ ನಮ್ಮ ದೇಶದಲ್ಲೇ ಅಂಡರ್-17 ವಿಶ್ವಕಪ್ ನಡೆದಾಗ 2000ದ ಜನವರಿ 1 ಅಥವಾ ಅದರ ನಂತರ ಹುಟ್ಟಿದವರು ಆಡಬಹುದಿತ್ತು. 2025ಕ್ಕೆ ಅದು 2008. ನಿಮ್ಮ ಮಗನ ವರ್ಷದ ಹುಡುಗರಿಗೆ 2028. ಅವನು 2012ರವನಾದರೆ 2029. ಮೊದಲು ಈ ಟೂರ್ನಿ ಎರಡು ವರ್ಷಕ್ಕೊಮ್ಮೆ ಬರುತ್ತಿತ್ತು, ಬೆಸ ವರ್ಷಗಳಲ್ಲಿ ಹುಟ್ಟಿದವರಿಗೆ ಯಾವಾಗಲೂ ನಷ್ಟ. 2025ರಿಂದ ಪ್ರತಿ ವರ್ಷ ಕತಾರ್‌ನಲ್ಲಿ ನಡೆಯುತ್ತಿದೆ, 2029ರವರೆಗೂ ಅಲ್ಲೇ. ತಂಡಗಳು 24 ಇದ್ದದ್ದು 48 ಆಗಿವೆ. ಅಂದರೆ ಈಗ ಪ್ರತಿಯೊಂದು ಹುಟ್ಟಿದ ವರ್ಷಕ್ಕೂ ಅದರದ್ದೇ ಒಂದು ವಿಶ್ವಕಪ್ ಇದೆ. ನಿಮ್ಮ ಮಗನ ವರ್ಷ ತಪ್ಪಿಹೋಗಿಲ್ಲ.

ಡಿಸೆಂಬರ್ ಮಕ್ಕಳಿಗೆ ಅನ್ಯಾಯ ಆಗುತ್ತದೆ, ಅದು ನಿಜ. ಜಗತ್ತಿನ ಯಾವ ಕಿರಿಯರ ತಂಡ ತೆಗೆದು ನೋಡಿದರೂ ಜನವರಿ, ಫೆಬ್ರವರಿ, ಮಾರ್ಚ್‌ನಲ್ಲಿ ಹುಟ್ಟಿದವರೇ ಜಾಸ್ತಿ. ಆಯ್ಕೆ ಮಾಡುವವರ ಕಣ್ಣು ಎತ್ತರ, ಭುಜ, ಓಟಕ್ಕೆ ಹೋಗುತ್ತದೆ. ಹನ್ನೊಂದು ತಿಂಗಳು ದೊಡ್ಡವನು 14ರಲ್ಲಿ ಬಲವಾಗಿಯೇ ಕಾಣುತ್ತಾನೆ. ಅದನ್ನೇ ಪ್ರತಿಭೆ ಅಂದುಕೊಳ್ಳುತ್ತಾರೆ. ಬೆಲ್ಜಿಯಂನವರು ಇದನ್ನು ಅರ್ಥಮಾಡಿಕೊಂಡು ತಡವಾಗಿ ಬೆಳೆಯುವ ಹುಡುಗರಿಗೇ ಒಂದು ಪ್ರತ್ಯೇಕ ಕಿರಿಯರ ತಂಡ ನಡೆಸಿದ್ದಾರೆ. ನಮ್ಮಲ್ಲಿ ತಾಲ್ಲೂಕು ಮಟ್ಟದಲ್ಲೇ ಅಂಥದ್ದು ಬೇಕು. ನಾನು ಇದನ್ನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ.

ಈಗ ಮುಖ್ಯ ಮಾತು. ಸಣ್ಣವನಾಗಿ ದೊಡ್ಡವರ ನಡುವೆ ಆಡಿದ ಹುಡುಗ ಬದುಕಿ ಉಳಿಯಲಿಕ್ಕೆ ತಲೆ ಉಪಯೋಗಿಸಲೇಬೇಕು. ಚೆಂಡು ಬರುವ ಮೊದಲೇ ಎಲ್ಲಿ ಕೊಡಬೇಕು ಅಂತ ನೋಡಿಟ್ಟುಕೊಳ್ಳುತ್ತಾನೆ. ಮೈಗೆ ಮೈ ತಾಗಿಸದೆ ದಾಟುವುದು ಕಲಿಯುತ್ತಾನೆ. ಅವನು 2012ರವನಾಗಿಬಿಟ್ಟರೆ ಮುಂದಿನ ಎರಡು ವರ್ಷ ಬರೀ ಓಡಿ ಗೆಲ್ಲುತ್ತಾನೆ. ಆಮೇಲೆ ಉಳಿದವರೂ ಬೆಳೆದು ಸಮನಾದಾಗ ಕೈಯಲ್ಲಿ ಬೇರೆ ಏನೂ ಇರುವುದಿಲ್ಲ. ನನ್ನ ಕೈಕೆಳಗೆ ಆಡಿದ, 13ರಲ್ಲೇ ಗಂಡಸಿನ ಹಾಗೆ ಕಾಣುತ್ತಿದ್ದ ಹುಡುಗರಲ್ಲಿ 18ರ ನಂತರವೂ ಆಟದಲ್ಲಿ ಉಳಿದವರು ತೀರಾ ಕಡಿಮೆ.

2017ರಲ್ಲಿ ಗೋವಾದ ಫತೋರ್ಡಾ ಕ್ರೀಡಾಂಗಣಕ್ಕೆ ನಮ್ಮ ಕಡೆಯ ಕೆಲವು ಹುಡುಗರನ್ನು ಕರೆದುಕೊಂಡು ಹೋಗಿದ್ದೆ. ಶಿರವಾಡದಲ್ಲಿ ರೈಲು ಹತ್ತಿದರೆ ಮಡಗಾಂವ್, ವಿಶ್ವಕಪ್ ನಮ್ಮ ಬಾಗಿಲಿಗೇ ಬಂದಿತ್ತು ಅನ್ನಿ. ಇರಾನ್ ತಂಡ ಜರ್ಮನಿಗೆ 4-0 ಹೊಡೆದದ್ದನ್ನು ನಮ್ಮ ಹುಡುಗರು ಕಣ್ಣಾರೆ ನೋಡಿದರು. ಜರ್ಮನಿ ಅಂದರೆ ಸೋಲದವರು ಅಂತ ನಂಬಿದ್ದ ಮಕ್ಕಳು ಬಾಯಿ ತೆರೆದುಕೊಂಡು ಕೂತಿದ್ದರು. ಆಮೇಲೆ ಕ್ವಾರ್ಟರ್ ಫೈನಲ್, ಅಮೆರಿಕದ ಮೇಲೆ ಇಂಗ್ಲೆಂಡ್ 4-1. ರಿಯಾನ್ ಬ್ರೂಸ್ಟರ್ ಮೂರು ಗೋಲು ಹೊಡೆದ. ಅದೇ ಇಂಗ್ಲೆಂಡ್ ಕೋಲ್ಕತ್ತಾದ ಫೈನಲ್‌ನಲ್ಲಿ ಸ್ಪೇನ್ ಎದುರು 0-2 ಹಿಂದೆ ಇದ್ದು 5-2ರಲ್ಲಿ ಗೆದ್ದಿತು. ಫಿಲ್ ಫೋಡೆನ್ ಟೂರ್ನಿಯ ಶ್ರೇಷ್ಠ ಆಟಗಾರನಾದ. ಆ ತಂಡದ ವಿಂಗ್‌ನಲ್ಲಿ ಕ್ಯಾಲಮ್ ಹಡ್ಸನ್-ಒಡೊಯ್ ಅಂತ ಒಬ್ಬ ಹುಡುಗ ಇದ್ದ. ಹುಟ್ಟಿದ್ದು 2000ದ ನವೆಂಬರ್ 7. ಹೆಚ್ಚುಕಡಿಮೆ ನಿಮ್ಮ ಮಗನ ಹಾಗೆಯೇ, ವರ್ಷದ ಕೊನೆಯವನು. ಚಾಂಪಿಯನ್ ಆದ.

ನಮ್ಮವನ ಕಥೆ ಇನ್ನೂ ದೊಡ್ಡದು. ಮಣಿಪುರದ ಜೀಕ್ಸನ್ ಸಿಂಗ್ ಹುಟ್ಟಿದ್ದು 2001ರ ಜೂನ್ 21. ಗೆರೆ ಇದ್ದದ್ದು 2000ದ ಜನವರಿ 1ಕ್ಕೆ. ಅಂದರೆ ತನಗಿಂತ ಒಂದೂವರೆ ವರ್ಷ ದೊಡ್ಡವರ ಜೊತೆ ಆಡಿದ. ಅಕ್ಟೋಬರ್ 9, ದೆಹಲಿ, ಕೊಲಂಬಿಯಾ ಎದುರು 82ನೇ ನಿಮಿಷ. ಬೆಂಗಳೂರಿನ ಸಂಜೀವ್ ಸ್ಟಾಲಿನ್ ಕಾರ್ನರ್ ಹೊಡೆದ, ಜೀಕ್ಸನ್ ತಲೆ ಕೊಟ್ಟ, ಗೋಲು. ಫಿಫಾ ವಿಶ್ವಕಪ್ ಒಂದರಲ್ಲಿ ಭಾರತದ ಮೊದಲ ಗೋಲು ಅದು. ಮರುನಿಮಿಷವೇ ಕೊಲಂಬಿಯಾ ಇನ್ನೊಂದು ಹೊಡೆದು 2-1 ಮಾಡಿತು, ನಾವು ಸೋತೆವು, ಮೂರೂ ಪಂದ್ಯ ಸೋತೆವು. ಆದರೂ ಆ ಗೋಲಿನ ವಿಡಿಯೋವನ್ನು ಮಗನಿಗೆ ತೋರಿಸಿ. ಜೊತೆಗೆ ಹುಟ್ಟಿದ ದಿನಾಂಕವನ್ನೂ ಹೇಳಿ.

ಸುಳ್ಳು ದಿನಾಂಕದಿಂದ ದೇಶಗಳೇ ಪೆಟ್ಟು ತಿಂದಿವೆ. ಅಂಡರ್-20 ಅರ್ಹತಾ ಟೂರ್ನಿಯಲ್ಲಿ ವಯಸ್ಸು ಮೀರಿದವರನ್ನು ಆಡಿಸಿದ್ದಕ್ಕೆ 1988ರಲ್ಲಿ ಮೆಕ್ಸಿಕೋವನ್ನು ಹೊರಗಿಟ್ಟರು. 1990ರ ದೊಡ್ಡವರ ವಿಶ್ವಕಪ್ ಕೂಡ ಆ ದೇಶಕ್ಕೆ ತಪ್ಪಿಹೋಯಿತು. ಏನೂ ಮಾಡದ ಆಟಗಾರರು ಶಿಕ್ಷೆ ಅನುಭವಿಸಿದರು. 2023ರ ಜನವರಿಯಲ್ಲಿ ಕ್ಯಾಮರೂನ್ ಅಂಡರ್-17 ಶಿಬಿರದ 30 ಹುಡುಗರಲ್ಲಿ 21 ಮಂದಿ ಮಣಿಕಟ್ಟಿನ ಸ್ಕ್ಯಾನ್‌ನಲ್ಲಿ ಫೇಲಾದರು. ಅವರ ಸಂಸ್ಥೆಯ ಅಧ್ಯಕ್ಷ, ಹಿಂದಿನ ದೊಡ್ಡ ಆಟಗಾರ ಸ್ಯಾಮ್ಯುಯೆಲ್ ಎಟೊ ತಾನೇ ಮುಂದೆ ನಿಂತು ಪರೀಕ್ಷೆ ಮಾಡಿಸಿದ. ಆ 21 ಮನೆಗಳಿಗೂ ಯಾರೋ ಒಬ್ಬರು ಬಂದು "ಎಲ್ಲರೂ ಮಾಡ್ತಾರೆ" ಅಂದಿರಬಹುದು. ಹೊರಗೆ ಬಿದ್ದದ್ದು ಹುಡುಗರು.

ಮನೆಯವರಿಗೆ ಇನ್ನೊಂದು ಹೇಳಿ. 2012ರ ಬ್ಯಾಚಿನಲ್ಲಿ ನಿಮ್ಮ ಮಗ ಒಂದು ಜಾಗ ಹಿಡಿದರೆ, ಅಲ್ಲಿಂದ ಒಬ್ಬ ಹೊರಗೆ ಹೋಗುತ್ತಾನೆ. ಅವನು ಮಾಜಾಳಿಯವನೋ, ಅಂಕೋಲಾದವನೋ, ಹಳಿಯಾಳದ ಸಿದ್ದಿ ಮನೆಯ ಹುಡುಗನೋ ಇರಬಹುದು. ಅವತ್ತು ರಾತ್ರಿ ಅವನೂ ಅಳುತ್ತಾನೆ ತಂಗೀ.

ಅಂಡರ್-17 ಒಂದೇ ಬಾಗಿಲಲ್ಲ. ಮೆಸ್ಸಿ ಅಂಡರ್-17 ವಿಶ್ವಕಪ್ ಆಡಲೇ ಇಲ್ಲ, ಎಂಬಾಪೆಯೂ ಆಡಲಿಲ್ಲ. ಭಾರತ ಇಲ್ಲಿಯವರೆಗೆ ಆಡಿದ್ದು ಒಂದೇ ಸಲ, ಅದೂ ಆತಿಥೇಯರು ಅಂತ. 2018ರಲ್ಲಿ ಮಲೇಷ್ಯಾದಲ್ಲಿ ನಡೆದ ಏಷ್ಯಾದ ಅಂಡರ್-16 ಟೂರ್ನಿಯಲ್ಲಿ ದಕ್ಷಿಣ ಕೊರಿಯಾವನ್ನು ಗೆದ್ದಿದ್ದರೆ ಅರ್ಹತೆ ಸಿಗುತ್ತಿತ್ತು, 0-1ರಲ್ಲಿ ಹೋಯಿತು. ಆ ತಂಡದ ಕೋಚ್ ನಮ್ಮ ಪಕ್ಕದ ಗೋವಾದ ಬಿಬಿಯಾನೊ ಫರ್ನಾಂಡಿಸ್. ಅವರದೇ ಹೊಸ ತಂಡದ ಹುಡುಗರು 2025ರ ನವೆಂಬರ್ 30ರಂದು ಅಹಮದಾಬಾದ್‌ನಲ್ಲಿ ಮೊದಲು ಗೋಲು ಬಿಟ್ಟುಕೊಟ್ಟೂ ಇರಾನ್ ತಂಡವನ್ನು 2-1ರಲ್ಲಿ ಸೋಲಿಸಿ ಅಂಡರ್-17 ಏಷ್ಯಾ ಕಪ್‌ಗೆ ಹೋದರು. ಫತೋರ್ಡಾದಲ್ಲಿ ಇರಾನಿನ ಆಟ ನೋಡಿದ ನನಗೆ ಅದು ಎಷ್ಟು ದೊಡ್ಡ ಗೆಲುವು ಅಂತ ಗೊತ್ತು.

ಕೋಡಿಬಾಗದ ತಾಯಿ:

ಮಾಸ್ತರೇ, ಮನೆಯವರು ಬೋಟಿನಿಂದ ಬಂದ ಮೇಲೆ ಇದನ್ನು ಪೂರ್ತಿ ಓದಿ ಹೇಳಿದೆ. ಹೊರಗೆ ಹೋಗುವ ಹುಡುಗನ ಮಾತು ಬಂದಾಗ ಸುಮ್ಮನಾದರು. ಆಮೇಲೆ "ಬೇಡ, ಇದ್ದ ಹಾಗೆ ಇರಲಿ" ಅಂದರು. ಸ್ಕ್ಯಾನಿಂಗ್ ಅಕ್ಕನಿಗೂ, ಶಿರಸಿ ತಮ್ಮನಿಗೂ ತುಂಬಾ ಥ್ಯಾಂಕ್ಸ್.

ಹಾಗಾದರೆ ಈ ಎರಡು ವರ್ಷ ಅವನಿಗೆ ಏನು ಮಾಡಿಸಬೇಕು? ಗೋವಾದ ಅಕಾಡೆಮಿಗೆ ಸೇರಿಸುವಷ್ಟು ಅನುಕೂಲ ಈಗ ಇಲ್ಲ.

ಸದಾಶಿವಗಡದ ಪೀಟಿ ಮಾಸ್ತರು:

ಈಗಲೇ ಅಕಾಡೆಮಿ ಬೇಕು ಅಂತ ಏನಿಲ್ಲ. ಮರಳಿನಲ್ಲಿ ದೊಡ್ಡವರ ಜೊತೆ ಆಡುವುದನ್ನು ಬಿಡಿಸಬೇಡಿ, ಅದೇ ಒಳ್ಳೆಯ ಶಾಲೆ. ಆದರೆ ವಾರದಲ್ಲಿ ಒಂದು ದಿನವಾದರೂ ಅವನಷ್ಟೇ ಎತ್ತರದ ಹುಡುಗರ ಜೊತೆಯೂ ಆಡಲಿ, ಚೆಂಡು ಹೆಚ್ಚು ಕಾಲಿಗೆ ಸಿಗಬೇಕು. ಬಲಗಾಲಿನಿಂದಲೂ ಪಾಸ್ ಕೊಡುವುದು ರೂಢಿಯಾಗಲಿ. ಮಳೆಗಾಲದಲ್ಲಿ ಮೈದಾನ ಕೆರೆ ಆಗುತ್ತದೆ, ಆಗ ಮನೆಯ ಗೋಡೆಗೆ ಚೆಂಡು ಹೊಡೆದು ಒಂದೇ ಸ್ಪರ್ಶದಲ್ಲಿ ವಾಪಸ್ ಕೊಡಲಿ, ಎರಡೂ ಕಾಲಿನಿಂದ. ಭಾರ ಎತ್ತಿಸುವುದು ಈಗ ಬೇಡ. ಮೀನು, ಮೊಟ್ಟೆ, ನಿದ್ದೆ ಸರಿಯಾಗಿ ಸಿಗಲಿ.

ಶಾಲೆಗಳಿಗೆ ಸುಬ್ರೊತೊ ಕಪ್ ಇದೆ, 1960ರಿಂದ ನಡೆಯುತ್ತಿದೆ, ಅದರಲ್ಲೂ ಅಂಡರ್-17 ವಿಭಾಗ ಇದೆ. ನಿಮ್ಮ ಶಾಲೆಯಿಂದ ತಂಡ ಕಳಿಸುತ್ತಾರಾ ಅಂತ ಮುಖ್ಯೋಪಾಧ್ಯಾಯರನ್ನು ಈಗಲೇ ಕೇಳಿಡಿ, ಶಾಲೆ ಶುರುವಾದ ಮೇಲೆ ಕೇಳಿದರೆ ತಡವಾಗುತ್ತದೆ. ಯಾವ ಟ್ರಯಲ್ಸ್‌ಗೆ ಹೋದರೂ ಜನನ ಪ್ರಮಾಣಪತ್ರದ ಮೂಲ ಪ್ರತಿ ಮತ್ತು ಆಧಾರ್ ಕೈಯಲ್ಲಿರಲಿ, ಹೆಸರಿನ ಅಕ್ಷರ ಎರಡರಲ್ಲೂ ಒಂದೇ ಇದೆಯಾ ನೋಡಿಕೊಳ್ಳಿ.

ಭಾನುವಾರ ಬೆಳಿಗ್ಗೆ ನಾನು ಮಾಲಾದೇವಿ ಮೈದಾನಕ್ಕೆ ಬರುತ್ತೇನೆ. ಮಗನನ್ನು ಕಳಿಸಿ, ಅವನ ಆಟ ನೋಡಬೇಕು.